ಸೊಳ್ಳೆಯಣ್ಣ ಮತ್ತು ಬಿಸಿಲಿನ ಹನಿ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ದೊಡ್ಡಾಸ್ಪತ್ರೆಯ ಹಿಂಬದಿಯ ಇಳಿಜಾರಿನಲ್ಲಿ ಕೊಳೆಬಟ್ಟೆಯ ತಳ್ಳುಗಾಡಿಗಳು ಗಡಗಡ ಸದ್ದು ಮಾಡುತ್ತ ನೆಲಮಾಳಿಗೆಗೆ ಇಳಿಯುತ್ತಿವೆ. ಅವುಗಳಿಗೆ ದಾರಿ ಬಿಟ್ಟು, ಗೋಡೆಗೆ ಒತ್ತಿಕೊಂಡು, ಸಣಕಲು ಮೈಯ ಒಬ್ಬರು ಇಳಿಯುತ್ತಿದ್ದಾರೆ. ಬಲಗೈಯಲ್ಲಿ ನೀಲಿ ಡಬ್ಬಿ. ಎಡಗೈ ಸ್ವೆಟರಿನ ಒಳಗೆ, ಕಂಕುಳಲ್ಲಿ ಹುದುಗಿದೆ. ಅರ್ಧ ದಾರಿಗೆ ಡಬ್ಬಿಯನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಕಂಕುಳಿಗೆ ಸೇರಿಸುತ್ತಾರೆ. ಅಷ್ಟೊಂದು ಚಳಿಯೇ ಎಂದು ಕೇಳಿದರೆ ನಗುತ್ತಾರೆ.

"ಚಳಿ ನಂಗಲ್ಲ, ಅವರಿಗೆ. ತಣ್ಣನೆ ಕೈಲಿ ಮುಟ್ಟಿದ್ರೆ ನರ ಒಳಗೆ ಓಡಿಹೋಗುತ್ತೆ. ನೆಂಟರು ಬಂದಾಗ ಬಾಗಿಲ ಹಿಂದೆ ಬಚ್ಚಿಟ್ಕೊಳ್ಳೋ ಮಗು ಥರ. ಬೆಚ್ಚಗೆ ಮಾತಾಡಿಸಿದ್ರೆ ತಾನೇ ಹೊರಗೆ ಬರುತ್ತೆ."

ಇಳಿಜಾರು ಮುಗಿದಲ್ಲಿ ರಬ್ಬರಿನ ಜೋಡುಬಾಗಿಲು. ತಳ್ಳಿದೊಡನೆ ಹಬೆ ಮುಖಕ್ಕೆ ರಾಚುತ್ತದೆ. ತಿರುಗುವ ಯಂತ್ರಗಳ ಗುಂಯ್ ಸದ್ದಿನ ನಡುವಿನಿಂದ ಒಂದು ಹೆಣ್ಣುದನಿ ಏಳುತ್ತದೆ: "ಸೊಳ್ಳೆ ಬಂತು ಕಣ್ರೇ, ತೋಳು ಮುಚ್ಕೊಳ್ಳಿ!" ಹಾಸಿಗೆ ಬಟ್ಟೆ ಮಡಿಸುತ್ತಿದ್ದವರೆಲ್ಲ ನಗುತ್ತಾರೆ. ನಗುತ್ತಲೇ ಒಬ್ಬೊಬ್ಬರಾಗಿ ತೋಳಿನ ಬಟ್ಟೆ ಮಡಚಿಕೊಂಡು ಬರುತ್ತಾರೆ.

ಇವರ ಕೆಲಸ ರಕ್ತ ತೆಗೆಯುವುದು. ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬೇಕಾದ ರಕ್ತವನ್ನು ವಾರ್ಡುಗಳಿಂದ, ಮನೆಗಳಿಂದ, ಕಾರ್ಖಾನೆಗಳಿಂದ ತಂದುಕೊಡುವವರು. ಹಾಜರಿಪಟ್ಟಿಯಲ್ಲಿ ಇವರಿಗೆ ಬೇರೆ ಹೆಸರಿದೆ. ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ಈ ಕಟ್ಟಡದಲ್ಲಿ ಇವರನ್ನು ಯಾರೂ ತೋರಿಸಲಾರರು. ಸೊಳ್ಳೆಯಣ್ಣ ಎಂದರೆ ಲಿಫ್ಟಿನವನಿಂದ ಹಿಡಿದು ಹೆರಿಗೆ ವಾರ್ಡಿನ ಬಾಣಂತಿಯವರೆಗೆ ಎಲ್ಲರಿಗೂ ಗೊತ್ತು. ಬೇಸರವಿಲ್ಲವೇ? "ಬೇಸರ ಯಾಕೆ? ಸೊಳ್ಳೆ ಕಚ್ಚಿದ್ದು ಕಚ್ಚೋವಾಗ ಗೊತ್ತಾಗುತ್ತಾ? ಆಮೇಲೆ ಅಲ್ವಾ ಗೊತ್ತಾಗೋದು. ಹೊಗಳಿಕೆ ಅಂದ್ಕೊಂಡಿದೀನಿ."

ಮೊದಲಿಗೆ ಬಂದು ಕೂತವರು ದೊಡ್ಡಕ್ಕ. ಲಾಂಡ್ರಿಯ ಹಿರಿಯಾಕೆ, ಮಡಿಸುವ ಮೇಜಿನ ಯಜಮಾನಿ. ಬಾಗಿಲಲ್ಲಿ ಕೂಗಿದ ದನಿ ಇವರದೇ. ಸೊಳ್ಳೆಯಣ್ಣ ಮೊಣಕೈಯ ಒಳಮೈ ಮೇಲೆ ಬೆರಳಿಟ್ಟು, ಕಣ್ಣನ್ನು ಬೇರೆಲ್ಲೋ ನೆಟ್ಟು, ಒಂದು ಕ್ಷಣ ಸುಮ್ಮನಾಗುತ್ತಾರೆ. ರೇಡಿಯೋ ಸ್ಟೇಷನ್ ಹುಡುಕುವವರ ಮುಖ ಅದು. "ಸಿಕ್ತು" ಎನ್ನುವಷ್ಟರಲ್ಲಿ ಸೂಜಿ ಒಳಗಿದೆ. ದೊಡ್ಡಕ್ಕನ ಮಾತು ನಿಲ್ಲುವುದಿಲ್ಲ. "ಈ ಸಲ ಎಷ್ಟು ತೋರಿಸುತ್ತೋ ನೋಡು. ಹೋದ ಸಲಕ್ಕಿಂತ ಕಮ್ಮಿ ಬಂದ್ರೆ ನಿನ್ನ ಯಂತ್ರ ಸರಿಯಿಲ್ಲ ಅಂತ ಅರ್ಥ." ನಳಿಕೆ ತುಂಬುತ್ತದೆ. ಅದನ್ನು ಮಗುವನ್ನು ಮಗ್ಗುಲು ಹೊರಳಿಸಿದಂತೆ ನಿಧಾನಕ್ಕೆ ಬುಡಮೇಲು ಮಾಡಿ, ಚೀಟಿ ಅಂಟಿಸಿ, ಡಬ್ಬಿಯಲ್ಲಿ ನಿಲ್ಲಿಸುತ್ತಾರೆ. ಮುಂದಿನ ತೋಳು.

ದೊಡ್ಡಕ್ಕ ಎದುರು ನೋಡುತ್ತಿರುವ ಅಂಕಿ ವಿಟಮಿನ್ ಡಿಯದು. ನೆಲದಡಿಯ ಈ ಹೆಂಗಸರ ಬಾಯಲ್ಲಿ ಆ ಮಾತು ಇಷ್ಟು ಸಲೀಸಾಗಿ ಬರುವುದನ್ನು ಕೇಳಿದಾಗ ನನಗೆ ಕುತೂಹಲ ಕೆರಳಿದ್ದು. ಅದರ ಹಿಂದೆ ಒಂದು ಕಥೆ ಇದೆ ಎಂದು ಪ್ರಯೋಗಾಲಯದವರು ಹೇಳಿದರು. ಆ ಕಥೆಗಾಗಿಯೇ ಕೆಲವು ಮುಂಜಾವುಗಳನ್ನು ಸೊಳ್ಳೆಯಣ್ಣನ ಬೆನ್ನ ಹಿಂದೆ ಕಳೆದಿದ್ದೇನೆ.

ಸೊಳ್ಳೆಯಣ್ಣನಿಗೆ ಈಗ ಐವತ್ತು ದಾಟಿದೆ. ಆಸ್ಪತ್ರೆಗೆ ಬಂದದ್ದು ಸ್ಟ್ರೆಚರ್ ತಳ್ಳುವ ಆಳಾಗಿ, ಮೀಸೆ ಚಿಗುರುವ ವಯಸ್ಸಿನಲ್ಲಿ. ಅಪ್ಪ ಆಗಲೇ ಇರಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದರು. ಜೊತೆಗೆ ಒಬ್ಬಳು ಪುಟ್ಟ ತಂಗಿ. ಬೆಳಿಗ್ಗೆ ತಂಗಿಗೆ ಜಡೆ ಹಾಕಿ, ಶಾಲೆಗೆ ಬಿಟ್ಟು, ಓಡೋಡಿ ಡ್ಯೂಟಿಗೆ ಬರುತ್ತಿದ್ದರಂತೆ. "ಜಡೆ ಅಂದ್ರೆ ಏನ್ ಜಡೆ! ಹಗ್ಗ ಹೊಸೆದ ಹಾಗಿರ್ತಿತ್ತು" ಎಂದು ಆ ತಂಗಿ ಇಂದಿಗೂ ಕಾಲೆಳೆಯುತ್ತಾರೆ. ಮಕ್ಕಳ ವಾರ್ಡಿನಲ್ಲಿ ಅಳುವ ಕೂಸುಗಳನ್ನು ಈ ಹುಡುಗ ಸುಮ್ಮನಾಗಿಸುವ ಪರಿ ನೋಡಿದ ಹಿರಿಯ ನರ್ಸ್ ಒಬ್ಬರು, ಗಾಡಿ ತಳ್ಳಿದ್ದು ಸಾಕು ಬಾ ಎಂದು ಕರೆದು ಸೂಜಿ ಹಿಡಿಯಲು ಕಲಿಸಿದರು. ಮೊದಲು ಕಿತ್ತಳೆ ಹಣ್ಣಿನ ಮೇಲೆ. ಆಮೇಲೆ ತಮ್ಮದೇ ತೋಳು ಚಾಚಿ ಕೂತರು.

"ಅವರ ಕೈ ಊದ್ಕೊಂಡುಬಿಡ್ತು. ಕಣ್ಣಲ್ಲಿ ನೀರು ಬಂತು, ನಂಗೆ. ಅವರು ಬೈಲಿಲ್ಲ. ಇನ್ನೊಂದು ಕೈ ಕೊಟ್ರು." ಈ ಮಾತು ಹೇಳುವಾಗ ಸೊಳ್ಳೆಯಣ್ಣ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಪರೀಕ್ಷೆ ಕಟ್ಟಿದರು, ಒಮ್ಮೆ ನಪಾಸಾದರು, ಮತ್ತೆ ಕಟ್ಟಿದರು. ಈಗ ದಿನಕ್ಕೆ ನಲವತ್ತು, ಒಮ್ಮೊಮ್ಮೆ ಐವತ್ತು ತೋಳು. ಬೆಳಗಾಗುವ ಮೊದಲು ವಾರ್ಡುಗಳ ಸುತ್ತು, ಅಲ್ಲಿಂದ ಸೈಕಲ್ ಹತ್ತಿ ಮನೆಗಳ ಸುತ್ತು, ಬಿಸಿಲು ಏರುವ ಹೊತ್ತಿಗೆ ಪ್ರಯೋಗಾಲಯದ ಒಳಗೆ. ಹಸುಗೂಸಿನ ಕಾಲು, ಕುಸ್ತಿಪಟುವಿನ ತೋಳು, ಡಯಾಲಿಸಿಸ್ ಮಾಡಿಸಿಕೊಂಡು ನರಗಳೆಲ್ಲ ಮುದುಡಿಹೋದವರ ಮುಂಗೈ, ಎಲ್ಲ ಕಡೆ ಆ ಬೆರಳು ದಾರಿ ಹುಡುಕಿದೆ.

ಈ ಕಸುಬಿನಲ್ಲಿ ಒಂದು ಕೊರಗೂ ಇತ್ತು. ರಕ್ತ ತರುವವನಿಗೆ ಅದರಲ್ಲಿ ಏನಿತ್ತು ಎಂದು ಯಾರೂ ಹೇಳುವುದಿಲ್ಲ. "ಒಂದು ಮನೆಗೆ ವಾರವೆಲ್ಲ ಹೋಗ್ತೀನಿ. ಆಮೇಲೆ ಒಂದಿನ ಬರಬೇಡಿ ಅಂತಾರೆ. ವಾಸಿ ಆಯ್ತಾ, ಹೋಗಿಬಿಟ್ರಾ? ಕೇಳೋಕೆ ಬಾಯಿ ಬರಲ್ಲ. ಕಥೆ ಅರ್ಧಕ್ಕೇ ನಿಂತ ಹಾಗೆ."

ಈ ಲಾಂಡ್ರಿಯ ಕಥೆ ಮಾತ್ರ ಅರ್ಧಕ್ಕೆ ನಿಲ್ಲಲಿಲ್ಲ.

ಆಸ್ಪತ್ರೆಯ ಬಟ್ಟೆಯೆಲ್ಲ ಒಗೆಯುವ ಈ ನೆಲಮಾಳಿಗೆಗೆ ಕಿಟಕಿಗಳಿಲ್ಲ. ಚಳಿಗಾಲದಲ್ಲಿ ಇಲ್ಲಿನವರು ಕತ್ತಲಲ್ಲಿ ಇಳಿದು ಕತ್ತಲಲ್ಲೇ ಮೇಲೆ ಬರುತ್ತಾರೆ. ಸೂರ್ಯನನ್ನು ಕಾಣುವುದು ರಜೆಯ ದಿನ, ಅದೂ ಮನೆಗೆಲಸ ಮುಗಿದಿದ್ದರೆ. ಪ್ರತಿ ಚಳಿಗಾಲವೂ ನೆಗಡಿ, ಫ್ಲೂ ಹಿಡಿದು ಅರ್ಧಕ್ಕರ್ಧ ಜನ ಮಲಗುತ್ತಿದ್ದರು. ಒಂದು ವರ್ಷ ಇಸ್ತ್ರಿ ರೋಲರಿನ ಹತ್ತಿರ ನಿಲ್ಲುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಫ್ಲೂ ಎದೆಗಿಳಿದು ತೀರಿಹೋದಳು. ತಾನು ದಿನವೂ ಇಸ್ತ್ರಿ ಮಾಡಿ ಕಳಿಸುತ್ತಿದ್ದ ಹಾಸಿಗೆ ಬಟ್ಟೆಯ ಮೇಲೆಯೇ ಎಂದು ದೊಡ್ಡಕ್ಕ ಹೇಳುವಾಗ ಅವರ ದನಿಯಲ್ಲಿ ತಮಾಷೆ ಉಳಿದಿರುವುದಿಲ್ಲ.

ಆ ಸಾವನ್ನು ಕಂಡವರಲ್ಲಿ ವಾರ್ಡಿನ ವೈದ್ಯೆಯೂ ಒಬ್ಬರು. ಎಲ್ಲರೂ ಡಾಕ್ಟರಮ್ಮ ಎನ್ನುವ ಈ ವೈದ್ಯೆಗೆ ಒಂದು ಪ್ರಶ್ನೆ ತಲೆಹೊಕ್ಕಿತು. ಅದನ್ನು ಅವರ ಮಾತಿನಲ್ಲೇ ಕೇಳುವುದು ಒಳ್ಳೆಯದು:

"ಚರ್ಮದ ಮೇಲೆ ಬಿಸಿಲು ಬಿದ್ದಾಗ ಮೈಯೇ ತಯಾರು ಮಾಡ್ಕೊಳ್ಳೋ ವಿಟಮಿನ್ ಅದು. ಮೂಳೆಗೆ ಬೇಕು ಅನ್ನೋದು ಹಳೇ ವಿಷಯ. ರೋಗದ ಜೊತೆ ಹೋರಾಡೋ ಕಣಗಳೂ ಅದನ್ನ ಬಳಸ್ಕೊಳ್ತವೆ ಅನ್ನೋದು ಆಮೇಲೆ ಗೊತ್ತಾಯ್ತು. ಅದು ಕಡಿಮೆ ಇರೋರಿಗೆ ಉಸಿರಾಟದ ಸೋಂಕು ಹೆಚ್ಚು ಅಂತ ಎಷ್ಟೋ ಕಡೆ ಕಂಡಿದೆ. ಆದ್ರೆ ಕಡಿಮೆ ಇರೋದ್ರಿಂದಲೇ ಸೋಂಕು ಬಂತಾ? ಊರಲ್ಲಿ ಕೊಡೆ ಬಿಚ್ಚಿದವರು ಜಾಸ್ತಿ ಕಂಡ ದಿನ ರಸ್ತೆ ಒದ್ದೆ ಇರುತ್ತೆ. ಹಾಗಂತ ರಸ್ತೆ ಒದ್ದೆ ಮಾಡಿದ್ದು ಕೊಡೆಯಾ?"

ಉತ್ತರ ಹುಡುಕಲು ಹಲವು ಆಸ್ಪತ್ರೆಗಳ ಲಾಂಡ್ರಿ, ಶೀತಲಗೃಹಗಳಂಥ ಬಿಸಿಲು ಕಾಣದ ಜಾಗಗಳ ಕೆಲಸಗಾರರನ್ನು ಸೇರಿಸಿ ಒಂದು ಅಧ್ಯಯನ ಶುರುವಾಯಿತು. ಚಳಿಗಾಲಕ್ಕೆ ಮೊದಲು ಎಲ್ಲರ ರಕ್ತ ಪರೀಕ್ಷೆ. ತೀರಾ ಕಡಿಮೆ ಇದ್ದವರಿಗೆ ನೇರವಾಗಿ ಔಷಧ, ಅವರು ಅಧ್ಯಯನದಿಂದ ಹೊರಗೆ. ಉಳಿದವರಿಗೆ ವಾರಕ್ಕೊಮ್ಮೆ ನಾಲಿಗೆಗೆ ಹನಿ. ಅರ್ಧ ಜನರ ಸೀಸೆಯಲ್ಲಿ ಎಣ್ಣೆಯಲ್ಲಿ ಬೆರೆಸಿದ ವಿಟಮಿನ್ ಡಿ, ಇನ್ನರ್ಧ ಜನರ ಸೀಸೆಯಲ್ಲಿ ಬರೀ ಎಣ್ಣೆ. ಯಾರಿಗೆ ಯಾವುದು ಎಂಬುದು ಕುಡಿಯುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಜ್ವರ ಬಂದರೆ ಮೂಗಿನ ದ್ರವ ತೆಗೆದು ಯಾವ ವೈರಸ್ ಎಂದು ನೋಡುವುದು. ಚಳಿಗಾಲ ಮುಗಿದ ಮೇಲೆ ಮತ್ತೆ ರಕ್ತ.

ದೊಡ್ಡಾಸ್ಪತ್ರೆಯ ಲಾಂಡ್ರಿ ಸೊಳ್ಳೆಯಣ್ಣನ ಪಾಲಿಗೆ ಬಂತು. ಅವರ ತಂಗಿ ಕೆಲಸ ಮಾಡುವುದೂ ಇಲ್ಲೇ, ದೊಡ್ಡಕ್ಕನ ಎದುರು ಬದಿಯಲ್ಲಿ ನಿಂತು ಬಟ್ಟೆಯ ತುದಿ ಹಿಡಿಯುವ ಕೆಲಸ. ಹಾಗಾಗಿ ಸುಲಭವಾದೀತು ಎಂದುಕೊಂಡು ಡಬ್ಬಿ ಹಿಡಿದು ಇಳಿದರೆ, ಒಂದು ತೋಳೂ ಮುಂದೆ ಬರಲಿಲ್ಲ. ತಂಗಿಯದೂ ಇಲ್ಲ.

"ದೊಡ್ಡಕ್ಕ ಕೊಡದೆ ನಾನು ಹೆಂಗೆ ಕೊಡ್ಲಿ ಅಣ್ಣ? ನಾಳೆಯಿಂದ ಅವರ ಎದುರು ನಿಂತು ಬಟ್ಟೆ ಮಡಿಸ್ಬೇಕಲ್ಲ" ಎಂದುಬಿಟ್ಟರಂತೆ ತಂಗಿ.

ದೊಡ್ಡಕ್ಕನ ಕಾರಣವೂ ಗಟ್ಟಿಯಾಗಿಯೇ ಇತ್ತು. "ಹಿಂದೆ ಒಂದ್ಸಲ ಯಾರೋ ಬಂದ್ರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎದೆಯ ಎಕ್ಸ್‌ರೇ ತೆಗೆದ್ರು, ಹೋದ್ರು. ಅದರಲ್ಲಿ ಏನಿತ್ತು? ಇವತ್ತಿನವರೆಗೂ ಒಂದು ಮಾತು ಹೇಳಿಲ್ಲ. ನನ್ನ ಎದೆಯೊಳಗಿಂದು ಊರಿಗೆಲ್ಲ ಗೊತ್ತು, ನಂಗೇ ಗೊತ್ತಿಲ್ಲ. ಅದಕ್ಕೇ ಇವನಿಗೆ ಹೇಳ್ದೆ, ತಗೊಂಡು ಹೋಗೋಕೆ ಬರ್ತೀಯ, ಹೇಳೋಕೆ ಬರ್ತೀಯಾ ಅಂತ."

ಸೊಳ್ಳೆಯಣ್ಣ ಡಬ್ಬಿಯನ್ನು ಕೆಳಗಿಟ್ಟರು. ಆ ಪ್ರಶ್ನೆಯನ್ನು ಅವರೇ ಎಷ್ಟೋ ವರ್ಷಗಳಿಂದ ಒಳಗೊಳಗೇ ಕೇಳಿಕೊಂಡಿದ್ದರು. "ಬರ್ತೀನಿ ಅಕ್ಕಾ," ಎಂದರು. "ಏನು ಗೊತ್ತಾಯ್ತು ಅಂತ ಬಂದು ಹೇಳ್ತೀನಿ. ಏನೂ ಗೊತ್ತಾಗದೇ ಇದ್ರೆ, ಏನೂ ಗೊತ್ತಾಗ್ಲಿಲ್ಲ ಅಂತಾದ್ರೂ ಬಂದು ಹೇಳ್ತೀನಿ." ದೊಡ್ಡಕ್ಕ ತೋಳಿನ ಬಟ್ಟೆ ಮೇಲೇರಿಸಿ ಕೂತರು. ಹಿಂದೆಯೇ ಸಾಲು ಕಟ್ಟಿತು.

ಹನಿ ಶುರುವಾದ ಮೇಲೆ ಲಾಂಡ್ರಿಯಲ್ಲಿ ಹೊಸ ಆಟವೊಂದು ಹುಟ್ಟಿಕೊಂಡಿತು: ಯಾರಿಗೆ ನಿಜವಾದದ್ದು ಸಿಕ್ಕಿದೆ ಎಂದು ಊಹಿಸುವುದು. ರುಚಿಯಲ್ಲಿ, ಬಣ್ಣದಲ್ಲಿ, ಸೀಸೆಯ ಮುಚ್ಚಳದಲ್ಲಿ ಗುಟ್ಟು ಹುಡುಕಿದರು. ದೊಡ್ಡಕ್ಕನಿಗಂತೂ ಅನುಮಾನವೇ ಇರಲಿಲ್ಲ. ಕೆಲವೇ ವಾರಗಳಲ್ಲಿ ಅವರ ಮಂಡಿನೋವು ಮಾಯವಾಗಿತ್ತು, ಮೆಟ್ಟಿಲು ಹತ್ತಿದರೆ ಮೈ ಹಗುರ ಎನಿಸುತ್ತಿತ್ತು. "ನಂದು ಅಸಲಿ ಕಣ್ರೇ. ಒಳಗೆ ಬಿಸಿಲು ಬಿದ್ದ ಹಾಗಾಗುತ್ತೆ" ಎಂದು ಎಲ್ಲರ ಹೊಟ್ಟೆ ಉರಿಸುತ್ತಿದ್ದರು. ತಂಗಿಗೆ ಏನೂ ಅನಿಸುತ್ತಿರಲಿಲ್ಲ. ತನಗೆ ಬರೀ ಎಣ್ಣೆಯೇ ಬಂದಿದೆ ಎಂದು ಅವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು.

ಚಳಿ ಬಲಿತಂತೆ ಜ್ವರ ಬಂತು. ಮೊದಲು ಕೊಳೆಬಟ್ಟೆ ಬೇರ್ಪಡಿಸುವ ಮೇಜಿನಲ್ಲಿ ಒಬ್ಬರು, ಆಮೇಲೆ ಅವರ ಪಕ್ಕದವರು, ಆಮೇಲೆ ಅವರ ಎದುರಿನವರು. ಸೊಳ್ಳೆಯಣ್ಣ ಮನೆಮನೆಗೆ ಹೋಗಿ ಮೂಗಿಗೆ ಕಡ್ಡಿ ಹಾಕಿ ಮಾದರಿ ತಂದರು. ಒಂದು ದಿನ ಬೆಳಿಗ್ಗೆ ತಂಗಿಯೇ ಕೆಲಸಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಾರೆ. ಅಂದೇ ಅವರನ್ನು ವಾರ್ಡಿಗೆ ಸೇರಿಸಿದರು. ಫ್ಲೂ ಎದೆಗಿಳಿದಿತ್ತು.

"ಸಾವಿರಾರು ಜನರ ರಕ್ತ ತೆಗೆದಿದೀನಿ. ಅವತ್ತು ಅವಳ ಕೈ ಹಿಡಿದಾಗ ನನ್ನ ಬೆರಳಿಗೆ ಏನೂ ಕೇಳಿಸ್ಲಿಲ್ಲ" ಎನ್ನುತ್ತಾರೆ ಸೊಳ್ಳೆಯಣ್ಣ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡಿದ್ದ ತಂಗಿಯೇ ಅಣ್ಣನಿಗೆ ಧೈರ್ಯ ಹೇಳಬೇಕಾಯಿತು. "ಚುಚ್ಚಣ್ಣ. ಜಡೆ ಹಾಕೋವಾಗ ಇದಕ್ಕಿಂತ ನೋಯಿಸ್ತಿದ್ದೆ."

ಆ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಬಂತು. ಸೊಳ್ಳೆಯಣ್ಣನ ತಾಳ್ಮೆಯ ಕಟ್ಟೆಯೊಡೆಯಿತು. ನೇರ ಡಾಕ್ಟರಮ್ಮನ ಕೋಣೆಗೆ ಹೋದರು. ಅಂದು ಅಲ್ಲಿ ನಡೆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದರೂ ಮಾತು ಹೆಚ್ಚುಕಮ್ಮಿ ಒಂದೇ.

"ನನ್ನ ತಂಗಿಗೆ ಬರೀ ಎಣ್ಣೆ ಕುಡಿಸಿದೀರಿ ಮೇಡಂ. ಅದಕ್ಕೇ ಹಿಂಗಾಯ್ತು."

"ನನಗೂ ಗೊತ್ತಿಲ್ಲ, ಅವರದು ಯಾವ ಸೀಸೆ ಅಂತ."

"ತಿಳ್ಕೊಂಡು ಹೇಳಿ."

"ತಿಳ್ಕೊಳ್ಳೋಕೆ ಸಾಧ್ಯ ಇದೆ. ಚಿಕಿತ್ಸೆಗೆ ಬೇಕಾಗಿದ್ರೆ ಪಟ್ಟಿ ಇಟ್ಕೊಂಡಿರೋರಿಗೆ ಈಗಲೇ ಫೋನ್ ಮಾಡ್ತಿದ್ದೆ. ಸೀಸೆ ಯಾವುದಾದ್ರೂ ಈಗ ಕೊಡೋ ಔಷಧ ಇದೇ."

"ಮತ್ತೆ ಈ ಅಂಕಿ? ಇಷ್ಟು ಕಡಿಮೆ?"

"ಮೈಯಲ್ಲಿ ಉರಿ ಎದ್ದಾಗ ಆ ಅಂಕಿ ತಾನಾಗೇ ಕೆಳಗೆ ಬೀಳುತ್ತೆ. ಕಡಿಮೆ ಇದ್ದದ್ದಕ್ಕೆ ಕಾಯಿಲೆ ಬಂತಾ, ಕಾಯಿಲೆ ಬಂದದ್ದಕ್ಕೆ ಕಡಿಮೆ ಆಯ್ತಾ? ಅದು ಗೊತ್ತಿದ್ದಿದ್ರೆ ನಾನು ನಿಮ್ಮನ್ನ ನೆಲಮಾಳಿಗೆಗೆ ಕಳಿಸ್ತಾನೇ ಇರ್ಲಿಲ್ಲ."

ಸೊಳ್ಳೆಯಣ್ಣ ಎದ್ದು ಬಂದರು. ಸಿಟ್ಟು ಇಳಿದಿರಲಿಲ್ಲ. ಔಷಧದ ಅಂಗಡಿಯಿಂದ ಎಲ್ಲರಿಗೂ ವಿಟಮಿನ್ ಮಾತ್ರೆ ಕೊಂಡು, ಲಾಂಡ್ರಿಯಲ್ಲಿ ಹಂಚಿ, ಈ ಪ್ರಯೋಗವನ್ನೇ ಮುಗಿಸಿಬಿಡಬೇಕು ಎನಿಸಿತಂತೆ. ವಾರ್ಡಿಗೆ ಹೋಗಿ ತಂಗಿಯ ಮುಂದೆ ಅದನ್ನೇ ಹೇಳಿದರು. ತಂಗಿ ಕೈಸನ್ನೆಯಲ್ಲಿ ಹತ್ತಿರ ಕರೆದರು. "ಹಂಚಿಬಿಟ್ರೆ ಗೊತ್ತಾಗೋದು ಹೆಂಗೆ? ಬರ್ತೀನಿ, ಹೇಳ್ತೀನಿ ಅಂದಿದ್ಯಲ್ಲ ದೊಡ್ಡಕ್ಕಂಗೆ. ಏನ್ ಹೇಳ್ತೀಯ, ನಾನೇ ಕೆಡಿಸ್ದೆ ಅಂತಲಾ?" ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಅಣ್ಣ ನೀರು ಕುಡಿಸಿ, ತಲೆದಿಂಬು ಸರಿಮಾಡಿ, ಮರುದಿನ ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಇಳಿಜಾರು ಇಳಿದರು.

ತಂಗಿ ಚೇತರಿಸಿಕೊಂಡರು. ನಿಧಾನವಾಗಿ. ಮನೆಗೆ ಬಂದ ಮೇಲೂ ಬಹಳ ದಿನ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ನಡೆಯುವುದೇ ದೊಡ್ಡ ಪ್ರಯಾಣವಾಗಿತ್ತು. ಚಳಿಗಾಲ ಮುಗಿಯಿತು. ಕೊನೆಯ ಸುತ್ತಿನ ರಕ್ತ ತೆಗೆದದ್ದಾಯಿತು, ಸೀಸೆಗಳು ವಾಪಸಾದವು. ಆಮೇಲೆ ಎಲ್ಲವೂ ತಣ್ಣಗಾಯಿತು.

ಬೇಸಿಗೆಯ ನಡುವೆ ಪ್ರಯೋಗಾಲಯದ ಕಾರಿಡಾರಿನಲ್ಲಿ ಯಾರೋ ಮಾತಾಡಿಕೊಳ್ಳುವುದು ಸೊಳ್ಳೆಯಣ್ಣನ ಕಿವಿಗೆ ಬಿತ್ತು: ಅಧ್ಯಯನದ ಲೆಕ್ಕ ಮುಗಿದಿದೆಯಂತೆ, ಹೇಳಿಕೊಳ್ಳುವಂಥದ್ದೇನೂ ಬಂದಿಲ್ಲವಂತೆ. ಅವರು ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ರೋಗಿಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೊರಬಂದರು.

"ಏನ್ ಬಂತು ಮೇಡಂ?"

"ದೊಡ್ಡದೇನೂ ಬರ್ಲಿಲ್ಲ. ಬರೆದು ಕಳಿಸ್ತೀವಿ, ವೈದ್ಯಕೀಯ ಪತ್ರಿಕೆಯಲ್ಲಿ ಬರುತ್ತೆ."

"ಅದನ್ನ ದೊಡ್ಡಕ್ಕ ಓದಲ್ಲ. ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ನಂಗೆ ಸರಿಯಾಗಿ ಹೇಳೋಕೆ ಬರಲ್ಲ, ನೀವೇ ಬನ್ನಿ."

"ಅಲ್ಲಿಯವರೆಗೆ ಅದು ನನ್ನ ತಲೆಗೇ ಬಂದಿರಲಿಲ್ಲ," ಎಂದು ಡಾಕ್ಟರಮ್ಮ ನನ್ನೊಡನೆ ಹೇಳಿದರು. "ಹೋಗಬಾರದು ಅನ್ನೋ ಉದ್ದೇಶ ಇರ್ಲಿಲ್ಲ. ಹೋಗಿ ಹೇಳೋ ರೂಢಿಯೇ ನಮ್ಮಲ್ಲಿ ಇರ್ಲಿಲ್ಲ." ಮರುದಿನವೇ ಅವರು ಸೊಳ್ಳೆಯಣ್ಣನ ಹಿಂದೆ ಇಳಿಜಾರು ಇಳಿದರು. ಅಷ್ಟು ವರ್ಷ ಅದೇ ಆಸ್ಪತ್ರೆಯಲ್ಲಿದ್ದೂ ಲಾಂಡ್ರಿಯನ್ನು ಒಳಹೊಕ್ಕು ನೋಡಿದ್ದು ಅದೇ ಮೊದಲು.

ಯಂತ್ರಗಳನ್ನು ನಿಲ್ಲಿಸಿದರು. ಎಲ್ಲರೂ ಬಟ್ಟೆಯ ಗಂಟುಗಳ ಮೇಲೆ ಕೂತರು. ವಿಟಮಿನ್ ಕುಡಿದವರಲ್ಲೂ ಎಣ್ಣೆ ಕುಡಿದವರಲ್ಲೂ ಜ್ವರ ಬಂದವರು ಹೆಚ್ಚುಕಮ್ಮಿ ಅಷ್ಟಷ್ಟೇ. ವಿಟಮಿನ್ ಕುಡಿದವರಲ್ಲಿ ಒಂದು ಗುಲಗಂಜಿಯಷ್ಟು ಕಡಿಮೆ, ಅದು ಅದೃಷ್ಟದಿಂದಲೂ ಇರಬಹುದು. ಖಂಡಿತವಾಗಿ ಹೇಳಲು ಇನ್ನೂ ಬಹಳ ಜನರನ್ನು ನೋಡಬೇಕು. ಹೀಗೆ ಡಾಕ್ಟರಮ್ಮ ಹೇಳಿ ಮುಗಿಸಿದರು.

"ಅಂದ್ರೆ ಗೊತ್ತಾಗ್ಲಿಲ್ಲ ಅಂತ" ಎಂದರು ದೊಡ್ಡಕ್ಕ.

"ಹೌದು. ಪೂರ್ತಿ ಗೊತ್ತಾಗ್ಲಿಲ್ಲ."

"ಸರಿ ಬಿಡಿ. ಬಂದು ಹೇಳಿದ್ರಲ್ಲ."

ಆಮೇಲೆ ಯಾರ ಸೀಸೆಯಲ್ಲಿ ಏನಿತ್ತು ಎಂಬ ವಿಷಯ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳುತ್ತೇನೆಂದರೆ ಯಾರೂ ಒಪ್ಪಲಿಲ್ಲ, ಎಲ್ಲರೆದುರೇ ಆಗಲಿ ಎಂದು ಪಟ್ಟು ಹಿಡಿದರು. ಡಾಕ್ಟರಮ್ಮ ಓದುತ್ತ ಹೋದರು. ಸೊಳ್ಳೆಯಣ್ಣನ ತಂಗಿಗೆ, ಎದೆಗೆ ಫ್ಲೂ ಇಳಿದು ಬದುಕಿ ಬಂದಾಕೆಗೆ, ಸಿಕ್ಕಿದ್ದು ಅಸಲಿ ವಿಟಮಿನ್. ಚಳಿಗಾಲವಿಡೀ ಒಮ್ಮೆಯೂ ಸೀನದ, ಮಂಡಿನೋವು ವಾಸಿಯಾದ, ಒಳಗೆ ಬಿಸಿಲು ಬಿದ್ದಂತಾದ ದೊಡ್ಡಕ್ಕನಿಗೆ ಬರೀ ಎಣ್ಣೆ.

ದೊಡ್ಡಕ್ಕ ಎದ್ದು ಪಟ್ಟಿಯ ಹತ್ತಿರಕ್ಕೇ ಬಂದರಂತೆ. "ಇನ್ನೊಂದ್ಸಲ ನೋಡಿ" ಎಂದರು. ಇನ್ನೊಮ್ಮೆ ನೋಡಿದರೂ ಅದೇ. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದರು. ಆ ನಗು ಒಬ್ಬರಿಂದೊಬ್ಬರಿಗೆ ಹಬ್ಬಿ ಕೊನೆಗೆ ದೊಡ್ಡಕ್ಕನನ್ನೂ ತಾಗಿತು. "ಹಂಗಾದ್ರೆ ನನ್ನ ಮಂಡಿಗೆ ಏನಾಗಿತ್ತು?" ಎಂದು ಡಾಕ್ಟರಮ್ಮನನ್ನೇ ಕೇಳಿದರು.

ಸೊಳ್ಳೆಯಣ್ಣ ಮಾತ್ರ ನಗಲಿಲ್ಲ. ಡಾಕ್ಟರಮ್ಮನ ಕೋಣೆಗೆ ನುಗ್ಗಿ ತಾನು ಆಡಿದ ಮಾತು ಅವರ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. "ಅವಳ ಸೀಸೇಲಿ ಎಣ್ಣೆ ಅಂತ ಪ್ರಮಾಣ ಮಾಡೋಕೂ ರೆಡಿ ಇದ್ದೆ ನಾನು. ಒಬ್ಬರನ್ನ ನೋಡಿ ಏನೂ ಹೇಳೋಕಾಗಲ್ಲ ಅನ್ನೋದು ಅವತ್ತು ನಂಗೆ ಬುದ್ಧಿಗೆ ಬಂತು. ಅದರಲ್ಲೂ ಆ ಒಬ್ಬರು ನಮ್ಮೋರಾಗಿದ್ರೆ."

ಅಂದಿನ ಭೇಟಿಯಿಂದ ಇನ್ನೊಂದು ಕೆಲಸವೂ ಆಯಿತು, ಯಾರೂ ಯೋಚಿಸದೇ ಇದ್ದದ್ದು. ಮಾತು ಮುಗಿಯುವ ಹೊತ್ತಿಗೆ ಡಾಕ್ಟರಮ್ಮನ ಮುಖ ಬೆವರಿ, ಗಂಟಲಿಗೆ ನೂಲಿನ ಧೂಳು ಸಿಕ್ಕಿ ಕೆಮ್ಮು ಹತ್ತಿತು. ಈ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಎಲ್ಲರೂ ಬಾಗಿಲಿನ ಕಡೆ ನೋಡಿದರು. ಅದೊಂದೇ ಎಂದರೆ ಅವರು ನಂಬಲಿಲ್ಲ. ಕಟ್ಟಡದ ಮೇಸ್ತ್ರಿಯನ್ನು ಕರೆಸಿದಾಗ, ಆತ ಗೋಡೆ ತಟ್ಟುತ್ತ ಹೋಗಿ, ಸೂರಿನವರೆಗೆ ಹಾಸಿಗೆ ಬಟ್ಟೆ ಪೇರಿಸಿದ್ದ ಕಪಾಟಿನ ಮುಂದೆ ನಿಂತ. ಕಪಾಟು ಸರಿಸಿದರೆ ಹಿಂದೆ ಗಾಳಿಕೊಳವೆಯ ಅಗಲ ಬಾಯಿ. ಅದಕ್ಕೆ ಹಲಗೆ ಬಡಿದು ಯಾವ ಕಾಲವಾಗಿತ್ತೋ. "ಇಷ್ಟು ವರ್ಷ ಅದರ ಮುಂದೇನೇ ನಿಂತಿದೀನಿ, ಗೋಡೆ ಅಂದ್ಕೊಂಡಿದ್ದೆ" ಎನ್ನುತ್ತಾರೆ ದೊಡ್ಡಕ್ಕ.

ಹಲಗೆ ಕಿತ್ತು, ಕೊಳವೆ ಶುಚಿ ಮಾಡಿ, ಫ್ಯಾನು ಕೂರಿಸಿದ್ದಾರೆ. ನಾನು ನಿಂತಿರುವಲ್ಲಿಯೂ ಅದರ ಗಾಳಿ ಕತ್ತಿಗೆ ತಾಗುತ್ತಿದೆ. ಊಟದ ಬಿಡುವಿನಲ್ಲಿ ಸರದಿ ಪ್ರಕಾರ ತಾರಸಿಗೆ ಹೋಗಲು ಅಪ್ಪಣೆಯೂ ಸಿಕ್ಕಿದೆ. ಕಳೆದ ಚಳಿಗಾಲದಲ್ಲಿ ಲಾಂಡ್ರಿಯಲ್ಲಿ ಜ್ವರ ಹಿಡಿದು ಮಲಗಿದವರು ತುಸು ಕಡಿಮೆ. ಅದು ಗಾಳಿಯಿಂದಲೋ, ಬಿಸಿಲಿನಿಂದಲೋ, ಆ ವರ್ಷದ ವೈರಸ್ಸೇ ಸಾಧು ಸ್ವಭಾವದ್ದಾಗಿತ್ತೋ? ಕೇಳಿದರೆ ಲಾಂಡ್ರಿಯ ಹೆಂಗಸರು ಈಗ ಡಾಕ್ಟರಮ್ಮನ ಧಾಟಿಯಲ್ಲೇ ತಲೆಯಾಡಿಸುತ್ತಾರೆ: "ಒಂದು ವರ್ಷ ನೋಡಿ ಹೇಳೋಕಾಗಲ್ಲ." ಅಧ್ಯಯನ ಮುಗಿದ ಮೇಲೂ ವರ್ಷಕ್ಕೊಮ್ಮೆ ರಕ್ತ ನೋಡಬೇಕು, ನೋಡಿ ತಮಗೆ ಹೇಳಬೇಕು ಎಂದು ಕೇಳಿ ಪಡೆದವರೂ ಅವರೇ. ಇಂದು ಸೊಳ್ಳೆಯಣ್ಣ ಇಳಿದು ಬಂದಿರುವುದು ಅದಕ್ಕೆ.

ಡಬ್ಬಿ ತುಂಬುತ್ತ ಬಂದಿದೆ. ಕೊನೆಯ ತೋಳು ತಂಗಿಯದು. ಈಗ ಗಟ್ಟಿಮುಟ್ಟಾಗಿದ್ದಾರೆ. ಅಣ್ಣ ಹತ್ತಿ ಒತ್ತಿ ಹಿಡಿಯುತ್ತಿದ್ದಂತೆ ತಂಗಿ ನನ್ನ ಕಡೆ ತಿರುಗಿ, ಹೋದ ತಿಂಗಳ ಘಟನೆ ಕೇಳಿದಿರಾ ಎನ್ನುತ್ತಾರೆ. ಸೊಳ್ಳೆಯಣ್ಣ "ಸಾಕು ಸುಮ್ನಿರೇ" ಎಂದು ತಡೆಯಲು ನೋಡುತ್ತಾರೆ. ಆಗುವುದಿಲ್ಲ.

ನಡೆದದ್ದಿಷ್ಟು. ಊರಿನವರ ರಕ್ತವೆಲ್ಲ ತೆಗೆದವನು ತನ್ನದನ್ನು ಎಂದಾದರೂ ಕೊಟ್ಟಿದ್ದಾನೆಯೇ ಎಂದು ದೊಡ್ಡಕ್ಕ ಒಂದು ದಿನ ಕೇಳಿದರು. ಸೊಳ್ಳೆಯಣ್ಣ ಮಾತು ಮರೆಸಿದರು. ತಂಗಿ ಬಾಯಿಬಿಟ್ಟರು: ಅಣ್ಣನಿಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಎಲ್ಲರೂ ಸೇರಿ ಅವರನ್ನು ಪ್ರಯೋಗಾಲಯದ ಕುರ್ಚಿಯಲ್ಲಿ ಕೂರಿಸಿದರು. ಜೊತೆಯ ಕೆಲಸದಾಕೆ ರಬ್ಬರ್ ಪಟ್ಟಿ ಬಿಗಿಯುವಷ್ಟರಲ್ಲೇ ಇವರು ಕಣ್ಣು ಮುಚ್ಚಿ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರಂತೆ. ಮುಗಿಯಿತು ಎಂದರೂ ಬಿಡಲಿಲ್ಲವಂತೆ. ಅಂಕಿ ಬಂದಾಗ ಎಲ್ಲರಿಗೂ ಆಶ್ಚರ್ಯ. ಬೀದಿ ಬೀದಿ ಸುತ್ತುವ ಸೊಳ್ಳೆಯಣ್ಣನ ಮೈಯಲ್ಲಿ ವಿಟಮಿನ್ ಡಿ ನೆಲಮಾಳಿಗೆಯ ಎಷ್ಟೋ ಹೆಂಗಸರಿಗಿಂತ ಕಡಿಮೆ. ಯೋಚಿಸಿದರೆ ಸಹಜವೇ. ಅವರು ಸುತ್ತುವುದು ಬಿಸಿಲು ಏರುವ ಮುನ್ನ, ಏರಿದ ಮೇಲೆ ಅವರು ನಾಲ್ಕು ಗೋಡೆಗಳ ಒಳಗೆ.

ಈಗ ಡಾಕ್ಟರಮ್ಮ ಬರೆದುಕೊಟ್ಟ ಹನಿಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಿದ್ದಾರೆ.

ಇಳಿಜಾರು ಹತ್ತಿ ಮೇಲೆ ಬರುವಾಗ ಹೊರಗೆ ಬೆಳ್ಳನೆ ಬೆಳಗಾಗಿದೆ. ಕೊಳೆಬಟ್ಟೆಯ ಗಾಡಿ ತಳ್ಳಿಕೊಂಡು ಎದುರು ಬಂದ ಹೊಸಬಳೊಬ್ಬಳು ಸೊಳ್ಳೆಯಣ್ಣನನ್ನು ತಡೆದು ನಿಲ್ಲಿಸುತ್ತಾಳೆ. ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದಾಕೆ. "ಅಣ್ಣಾ, ನೀವೂ ಆ ಹನಿ ತಗೋತೀರಂತೆ. ತಗೊಂಡ್ರೆ ಫ್ಲೂ ಬರಲ್ವಂತೆ, ಹೌದಾ?"

ಹೌದು ಎಂದುಬಿಟ್ಟರೆ ಅವಳಿಗೆ ಸಮಾಧಾನ, ಇವರಿಗೂ ತಡವಾಗುವುದು ತಪ್ಪುತ್ತದೆ. ಸೊಳ್ಳೆಯಣ್ಣ ಡಬ್ಬಿಯನ್ನು ಕಟ್ಟೆಯ ಮೇಲಿಡುತ್ತಾರೆ.

"ಮೂಳೆಗೆ ಒಳ್ಳೇದಮ್ಮ, ಅದು ಗೊತ್ತು. ನಂಗೆ ಕಡಿಮೆ ಇತ್ತು, ಅದಕ್ಕೆ ತಗೋತೀನಿ. ಫ್ಲೂ ತಡೆಯುತ್ತಾ? ಅದನ್ನ ಇನ್ನೂ ನೋಡ್ತಾ ಇದಾರೆ. ಗೊತ್ತಾದ ದಿನ ನಾನೇ ಬಂದು ಹೇಳ್ತೀನಿ."

ಹುಡುಗಿ ತಲೆದೂಗಿ ಗಾಡಿ ತಳ್ಳಿಕೊಂಡು ಹೋಗುತ್ತಾಳೆ. ಅಷ್ಟು ದೊಡ್ಡ ಅಧ್ಯಯನದಲ್ಲಿ ನಿಮ್ಮ ಹೆಸರು ಎಲ್ಲೂ ಬರಲಿಲ್ಲವಲ್ಲ, ಬೇಜಾರಿಲ್ಲವೇ ಎಂದು ನಾನು ಕೊನೆಯದಾಗಿ ಕೇಳುತ್ತೇನೆ. ಸೊಳ್ಳೆಯಣ್ಣ ಸೈಕಲ್ಲಿನ ಹಿಂದೆ ಡಬ್ಬಿಯನ್ನು ಕಟ್ಟಿ, ಗಂಟು ಎಳೆದು ನೋಡುತ್ತಾರೆ.

"ಹೆಸರು ಬಿಡಿ. ಇಷ್ಟು ವರ್ಷ ಜನ ನನ್ನನ್ನ 'ನೋಯುತ್ತಾ?' ಅಂತ ಮಾತ್ರ ಕೇಳ್ತಿದ್ರು. ಈಗ 'ನಿಜಾನಾ?' ಅಂತ ಕೇಳ್ತಾರೆ."